ಗಿಟಕಿನ ಸದ್ದಿಗೆ ಇಳಿದ ಹಕ್ಕಿ

ನಮ್ಮ ಮನೆಯಲ್ಲಿ ನಿದ್ದೆ ಅಟ್ಟದಿಂದ ಇಳಿದು ಬರುತ್ತಿತ್ತು. ಮಧ್ಯಾಹ್ನದ ಮುದ್ದೆ ಉಂಡು ನಡುಮನೆಯ ತಣ್ಣನೆಯ ನೆಲಕ್ಕೆ ಬೆನ್ನು ಕೊಟ್ಟರೆ ಮೇಲೆ ಕಾಣುತ್ತಿದ್ದದ್ದು ಸಂದು ಬಿಟ್ಟು ಜೋಡಿಸಿದ ಬಿದಿರಿನ ದಬ್ಬೆಗಳು, ಆ ಸಂದುಗಳಲ್ಲಿ ತೆಂಗಿನಕಾಯಿಗಳ ಕಂದು ಹೊಟ್ಟೆಗಳು. ಮಟ್ಟೆ ಸುಲಿಯದ ಆ ಕಾಯಿಗಳು ಅಲ್ಲಿ ಹೆಚ್ಚುಕಡಿಮೆ ವರ್ಷವಿಡೀ ಸುಮ್ಮನೆ ಮಲಗಿರುತ್ತಿದ್ದವು. ಕೆಳಗಿನ ಒಲೆಯ ಹೊಗೆಗೆ, ಮೇಲಿನ ಹೆಂಚಿನ ಕಾವಿಗೆ ಒಳಗಿನ ನೀರು ನಿಧಾನವಾಗಿ ಇಂಗುತ್ತಿತ್ತು. ತಿರುಳು ಚಿಪ್ಪಿನ ಹಿಡಿತ ಬಿಟ್ಟು ಉಂಡೆಕೊಬ್ಬರಿಯಾಗುತ್ತಿತ್ತು. ಆಮೇಲೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಆಡಿಸಿದರೆ ಒಳಗಿನಿಂದ ಗಿಟಕ್ ಗಿಟಕ್ ಅನ್ನುವ ಸದ್ದು. ಹಾಗೆ ಸದ್ದು ಮಾಡುವ ಕಾಯಿಗೆ ನಮ್ಮ ಕಡೆ ಗಿಟಕು ಅನ್ನುತ್ತಾರೆ. ಇಲಿ ಓಡಿದರೆ ಮೇಲೊಂದು ಕಾಯಿ ಉರುಳಿ ಇನ್ನೊಂದಕ್ಕೆ ತಾಗುತ್ತಿತ್ತು, ಸಂದಿನಿಂದ ಒಂದೆಳೆ ದೂಳು ಬಿಸಿಲಿನ ಕೋಲಿನಲ್ಲಿ ತೇಲಿ ನನ್ನ ರೆಪ್ಪೆಯ ಮೇಲೆ ಕೂರುತ್ತಿತ್ತು. ಅದರಾಚೆ, ಅಟ್ಟದ ಮೂಲೆಯಿಂದ, ಗಂಟಲಲ್ಲೇ ನೀರು ಕುದಿಸಿದ ಹಾಗೆ ಪಾರಿವಾಳಗಳ ಗುಟುರು. ಈ ಎರಡು ಸದ್ದುಗಳ ನಡುವೆ ಎಲ್ಲೋ ಕಣ್ಣು ಮುಚ್ಚುತ್ತಿತ್ತು. ಇಲ್ಲವೇ ಮುಚ್ಚುತ್ತಿತ್ತು ಎಂದು ಈಗ ನನಗೆ ಅನ್ನಿಸುತ್ತದೆ.

ಹೀಗೆ ಅನುಮಾನದ ಬಾಲ ಅಂಟಿಸದೆ ಒಂದು ವಾಕ್ಯವನ್ನೂ ಮುಗಿಸಲಾರದ ರೋಗ ನನಗೆ ಮೈಸೂರಿನಲ್ಲಿ ಇತಿಹಾಸ ಓದುವಾಗ ಅಂಟಿತು. ಕಂಡವರು ಯಾರು, ಹೇಳಿದವರು ಯಾರು, ಹೇಳಿದ್ದರಿಂದ ಅವರಿಗೇನು ಲಾಭ ಎಂದು ಕೇಳುವುದನ್ನು ಅಲ್ಲಿ ಕಲಿಸಿದರು. ಆಮೇಲೆ ಯಾವ ಊರಿನಲ್ಲೂ ಯಾವ ಕೆಲಸದಲ್ಲೂ ನೆಟ್ಟಗೆ ಕೂರಲಾಗದೆ ಅಲೆದ ನನಗೆ ಜೊತೆಗೆ ಉಳಿದದ್ದು ಆ ಪ್ರಶ್ನೆಗಳು ಮಾತ್ರ. ನನ್ನ ಬಾಲ್ಯಕ್ಕೆ ಈಗ ಉಳಿದಿರುವ ಇನ್ನೊಬ್ಬ ಸಾಕ್ಷಿ ಎಂದರೆ ಅಕ್ಕ. ನನಗಿಂತ ಐದಾರು ವರ್ಷ ದೊಡ್ಡವಳು. ಅವಳ ನೆನಪಿಗೂ ನನ್ನದಕ್ಕೂ ಹೊಂದುವುದು ಅಪರೂಪ. ನಾವಿಬ್ಬರೂ ಒಪ್ಪುವ ಸಂಗತಿಗಳು ಇಷ್ಟು: ಹೊನ್ನವಳ್ಳಿಗೆ ಹತ್ತಿರದ ನಮ್ಮೂರಲ್ಲಿ, ಆ ಮನೆಯಲ್ಲಿ, ಅಜ್ಜಿಯ ಮಾತು ನಡೆಯುತ್ತಿತ್ತು. ಅಪ್ಪ ಕಡಿಮೆ ಮಾತಾಡುತ್ತಿದ್ದ. ಅಪ್ಪನ ತಂಗಿ ಗೌರತ್ತೆ ಗಂಡನ ಮನೆಯಿಂದ ವಾಪಸು ಬಂದಿದ್ದಳು.

ತುರುವೇಕೆರೆ ಕಡೆಯ ಆ ಮನೆಯಿಂದ ಅವಳು ಬಂದದ್ದು ಬೆಳಗಿನ ಬಸ್ಸಿಗೆ, ಒಂದು ತಗಡಿನ ಟ್ರಂಕು ಹಿಡಿದು. ಯಾಕೆ ಬಂದಳೆಂದು ನಮಗೆ ಯಾರೂ ಹೇಳಲಿಲ್ಲ. ದೊಡ್ಡವನಾದ ಮೇಲೂ ನಾನು ಕೇಳಲಿಲ್ಲ. ಅಡುಗೆಮನೆಯಲ್ಲಿ ಅವ್ವ, ಅಜ್ಜಿ, ಗೌರತ್ತೆ ದನಿ ತಗ್ಗಿಸಿ ಮಾತಾಡುತ್ತಿದ್ದರು. ನಾವು ಹೊಸಿಲು ದಾಟಿದೊಡನೆ ಮಾತು ಸಾರಿನ ಕಡೆಗೋ ಸೌದೆಯ ಕಡೆಗೋ ತಿರುಗುತ್ತಿತ್ತು. ಬಂದ ದಿನ ಅಜ್ಜಿ ಕೇಳಿದ್ದು ಮಾತ್ರ ನೆನಪಿದೆ.

"ಎಷ್ಟು ದಿನಕ್ಕೆ ಬಂದ್ಯೇ?"

"ನೋಡಾನ ಬುಡವ್ವ."

ಆ 'ನೋಡಾನ' ಬೆಳೆಯುತ್ತಾ ಹೋಯಿತು. ಅಜ್ಜಿ ಹೊರಡುವ ಮಾತೆತ್ತಿದಾಗಲೆಲ್ಲ ಗೌರತ್ತೆಗೆ ಮನೆಯಲ್ಲಿ ಯಾವುದೋ ಒಂದು ಕೆಲಸ ಅರ್ಧಕ್ಕೆ ನಿಂತಿರುತ್ತಿತ್ತು. ಸಂಡಿಗೆ ಒಣಗಬೇಕು, ಖಾರದಪುಡಿ ಕುಟ್ಟಬೇಕು, ಮಾವಿನಕಾಯಿ ಉಪ್ಪು ಕುಡಿಯಬೇಕು. ಕೆಲಸಗಳು ಮುಗಿಯುತ್ತಾ ಬಂದು ನೆಪಗಳೂ ಮುಗಿದವು ಅನ್ನುವಷ್ಟರಲ್ಲಿ ಪಾರಿವಾಳಗಳು ಬಂದವು.

ತಂದದ್ದು ಅಪ್ಪ. ತಿಪಟೂರಿಗೆ ಕೊಬ್ಬರಿ ಮಾರಲು ಹೋದಾಗಲೆಲ್ಲ ಅವನು ಪ್ಯಾರು ಸಾಬರ ಸೈಕಲ್ ಅಂಗಡಿಯಲ್ಲಿ ಕೂತು ಬರುತ್ತಿದ್ದ. ಸಾಬರ ಅಂಗಡಿಯ ಮಾಳಿಗೆಯ ಮೇಲೆ ಗೂಡು. ಗೂಡಲ್ಲಿ ಪಂದ್ಯದ ಹಕ್ಕಿಗಳು. ಗುಡಿಯ ಗೋಪುರದಲ್ಲಿ ಕೂತು ಹಿಕ್ಕೆ ಹಾಕುವ ಜಾತಿಯಲ್ಲ ಇವು, ಹೋಮರ್ ಅಂತ. ರೈಲಿನಲ್ಲಿ ದೂರ ಕಳಿಸಿ ಬಿಟ್ಟರೆ ತಾವು ಹುಟ್ಟಿದ ಮನೆ ಹುಡುಕಿಕೊಂಡು ಬರುವಂಥವು. ಅದರಲ್ಲಿ ಒಂದು ಜೋಡಿಯನ್ನು ಅಪ್ಪ ಬಿದಿರುಬುಟ್ಟಿಯಲ್ಲಿ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದ. ಅಷ್ಟು ಮಿತಮಾತಿನ ಮನುಷ್ಯನಿಗೆ ಈ ಹುಚ್ಚು ಯಾಕೆ ಹಿಡಿಯಿತೋ. ತಂಗಿಗೆ ಒಂದು ನೆಪ ತಂದುಕೊಟ್ಟನೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಇದಕ್ಕೆ ಆಧಾರವಿಲ್ಲ.

ಮುಂದಿನ ವಾರ ಪ್ಯಾರು ಸಾಬರೇ ಬಂದು ಅಟ್ಟದ ಮೂಲೆಯಲ್ಲಿ ಗೂಡು ಹೇಗಿರಬೇಕೆಂದು ತೋರಿಸಿದರು. ಹೆಂಚಿನ ನಡುವಿನ ಬೆಳಕಿಂಡಿಯನ್ನು ಬಾಗಿಲು ಮಾಡಿ, ಅದಕ್ಕೆ ಮುರಿದ ಛತ್ರಿಯ ಕಡ್ಡಿಗಳನ್ನು ಇಳಿಬಿಟ್ಟರು. ಹಕ್ಕಿ ಹೊರಗಿನಿಂದ ತಲೆ ತೂರಿಸಿದರೆ ಕಡ್ಡಿ ಒಳಕ್ಕೆ ಸರಿಯುತ್ತದೆ, ಒಳಗಿನಿಂದ ನೂಕಿದರೆ ಸರಿಯುವುದಿಲ್ಲ. ಹೋಗುವಾಗ ಅವರು ಹೇಳಿದ್ದು:

"ಈ ಜೋಡೀನ ಮಾತ್ರ ಯಾವತ್ತೂ ಆಚೆ ಬಿಡಬೇಡ ತಾಯಿ. ಬಿಟ್ರೆ ಸೀದಾ ನನ್ನ ಅಂಗಡಿಗೇ ಬರ್ತಾವೆ. ಎಷ್ಟು ವರ್ಷ ಸಾಕಿದ್ರೂ ಅಷ್ಟೇ. ಇಲ್ಲಿ ಹುಟ್ಟೋ ಮರಿಗಳು ನಿಮ್ಮವು."

ಗೌರತ್ತೆ ಆಗ ಬುಟ್ಟಿಯೊಳಗೆ ಕೈಯಿಟ್ಟು ಹೆಣ್ಣುಹಕ್ಕಿಯ ಬೆನ್ನು ಸವರುತ್ತಿದ್ದಳು. ಅವಳ ಕೈ ನಿಂತಿತು ಎಂದು ಬರೆಯಲು ಆಸೆಯಾಗುತ್ತದೆ. ಕತೆ ಚೆಂದವಾಗುತ್ತದೆ. ಆದರೆ ಆ ಕೈ ನಿಂತಿತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಛತ್ರಿ ಕಡ್ಡಿ ನೋಡುತ್ತಿದ್ದೆ.

ಅಜ್ಜಿಗೆ ಸುತರಾಂ ಇಷ್ಟವಿರಲಿಲ್ಲ. ಪಾರಿವಾಳ ಹಾಳುಬಿದ್ದ ಗುಡಿಯ ಹಕ್ಕಿ, ಸಂಸಾರವಂದಿಗರ ಮನೆಯಲ್ಲಿ ಕೂರಿಸಿದರೆ ಮನೆಯನ್ನೂ ಹಾಗೇ ಮಾಡುತ್ತದೆ ಎನ್ನುವುದು ಒಂದು; ಕಾಯಿಯ ಮೇಲೆ ಹಿಕ್ಕೆ ಬೀಳುತ್ತದೆ ಎನ್ನುವುದು ಇನ್ನೊಂದು. ಹಕ್ಕಿಗೆ ಸುಣ್ಣದಂಶ ಬೇಕು, ಮೊಟ್ಟೆಯ ಸಿಪ್ಪೆ ಪುಡಿ ಮಾಡಿ ಹಾಕಿ ಎಂದು ಸಾಬರು ಹೇಳಿದ್ದನ್ನು ಅಕ್ಕ ಊಟದ ಹೊತ್ತಿನಲ್ಲಿ ಬಾಯಿಬಿಟ್ಟಳು. ಅಜ್ಜಿ ಕೊರಳಿನ ಲಿಂಗದ ಕರಡಿಗೆ ಮುಟ್ಟಿಕೊಂಡು ತಟ್ಟೆ ಬಿಟ್ಟು ಎದ್ದಳು. ಆಮೇಲೆ ಗೋಡೆಯ ಹಳೇ ಸುಣ್ಣ ಕೆರೆದು, ಹೆಂಚಿನ ಚೂರು ಕುಟ್ಟಿ, ಕಲ್ಲುಪ್ಪು ಬೆರೆಸಿ ಹಾಕಿದೆವು. ನಮ್ಮ ಮನೆಯ ಗೋಡೆಯನ್ನೇ ತಿಂದು ಬೆಳೆದ ಹಕ್ಕಿಗಳು ಅವು.

ಮೊದಲ ಮರಿಗಳಲ್ಲಿ ಒಂದು ಬೂದಿ ಬಣ್ಣದ್ದು. ಕಾಲಿಗೆ ಗುರುತಿನ ಉಂಗುರ ಹಾಕುವಾಗ ಅದು ಇನ್ನೂ ಹಳದಿ ನಾರು ಅಂಟಿದ ಮಾಂಸದ ಮುದ್ದೆ. ತಡವಾದರೆ ಪಾದ ದೊಡ್ಡದಾಗಿ ಉಂಗುರ ಹತ್ತುವುದಿಲ್ಲ. ನಾನು ಅದಕ್ಕೆ ಬೂದಿ ಎಂದು ಹೆಸರಿಟ್ಟೆ.

"ಮನೇಲಿ ಬೂದಿ ಬೂದಿ ಅಂತ ಕೂಗ್ತೀಯಾ ಮುಟ್ಠಾಳ," ಎಂದು ಅಜ್ಜಿ ತಲೆಗೆ ಮೊಟಕಿದಳು. "ಈಬೂತಿ ಅನ್ಲಾ."

ಅಲ್ಲಿಗೆ ಅದು ವಿಭೂತಿಯಾಯಿತು. ಬೇಡದ ಹಕ್ಕಿಗೆ ಹೆಸರಿಟ್ಟವಳು ತಾನೇ ಎಂದು ಅಜ್ಜಿಗೆ ಹೊಳೆಯಲಿಲ್ಲ.

ರೆಕ್ಕೆ ಬಂದರೂ ಮರಿಗಳನ್ನು ಹಾರಲು ಬಿಡುತ್ತಿರಲಿಲ್ಲ. ಮೊದಲು ತಂತಿಬಲೆಯ ಪೆಟ್ಟಿಗೆಯಲ್ಲಿಟ್ಟು ಹೆಂಚಿನ ಮೇಲೆ ಕೂರಿಸಬೇಕು. ಅವು ಸುತ್ತ ನೋಡಬೇಕು: ನಮ್ಮ ಹಿತ್ತಿಲು, ಹುಣಸೇಮರ, ಆಚೆಮನೆಯ ಕಣ, ಕೆರೆ ಏರಿ, ಆಮೇಲೆ ಕಣ್ಣು ಹೋದಷ್ಟೂ ತೆಂಗಿನ ತಲೆಗಳು. ಹಾಗೆ ದಿನಗಟ್ಟಲೆ ನೋಡಿದ್ದು ಒಳಗೆ ಕೂರುತ್ತದಂತೆ. ನಾನೂ ಏಣಿ ಹತ್ತಿ ಪೆಟ್ಟಿಗೆಯ ಪಕ್ಕ ಕೂತು ಅವು ನೋಡಿದ್ದನ್ನೇ ನೋಡುತ್ತಿದ್ದೆ. ಗಾಳಿ ಬಂದರೆ ಇಡೀ ತೋಟ ಒಂದೇ ಕಡೆಗೆ ಬಾಗಿ ಮತ್ತೆ ಏಳುತ್ತಿತ್ತು. ನನ್ನ ಕಣ್ಣಿಗೆ ಎಲ್ಲ ತೋಟಗಳೂ ಒಂದೇ ಥರ. ಈ ಮರಿ ನಮ್ಮದನ್ನು ಹೇಗೆ ಗುರುತಿಟ್ಟುಕೊಳ್ಳುತ್ತದೆ ಎಂದು ಹೆದರಿಕೆಯಾಗುತ್ತಿತ್ತು. ಕತ್ತೆತ್ತಿ ಆಕಾಶ ನೋಡುತ್ತಾ, ಬರುವುದೋ ಇಲ್ಲವೋ ಎಂದು ಅನುಮಾನಪಡುತ್ತಾ ಹೊತ್ತು ಕಳೆಯುವ ನನ್ನ ಸ್ವಭಾವ ವಿಶ್ವವಿದ್ಯಾಲಯದಿಂದ ಬಂದದ್ದು ಎಂದುಕೊಂಡಿದ್ದೇನೆ. ಬಹುಶಃ ಆ ಹೆಂಚಿನ ಮೇಲೇ ಬಂದಿರಬೇಕು.

ಹಾರಿದ ಹಕ್ಕಿಯನ್ನು ಒಳಗೆ ಕರೆಯಲು ಒಂದು ಸದ್ದು ಬೇಕು. ಸಾಬರು ತಗಡಿನ ಡಬ್ಬಿಗೆ ಜೋಳ ಹಾಕಿ ಕುಲುಕುತ್ತಿದ್ದರು. ಹಸಿದ ಹೊತ್ತಿನಲ್ಲಿ ಅದೇ ಸದ್ದು ಮಾಡಿ ಕಾಳು ಹಾಕಿದರೆ, ಆಮೇಲೆ ಸದ್ದು ಕೇಳಿದೊಡನೆ ಆಕಾಶದಿಂದ ಇಳಿಯುತ್ತವೆ. ಗೌರತ್ತೆ ಡಬ್ಬಿ ಹುಡುಕಲು ಹೋಗಲಿಲ್ಲ. ಪಕ್ಕದಲ್ಲೇ ಸುಲಿದಿಟ್ಟಿದ್ದ ಒಂದು ಗಿಟಕು ಎತ್ತಿಕೊಂಡಳು, ಆಡಿಸಿದಳು, ಹುರುಳಿ ಚೆಲ್ಲಿದಳು. ಮರಿಗಳು ಬೇಗ ಕಲಿತವು. ಸಾಬರೂ ನೋಡಿ ಮೆಚ್ಚಿದರು. ತೆಂಗಿನ ನಾಡಿನಲ್ಲೇ ಹುಟ್ಟಿ ಬೆಳೆದ ನಮಗೆ ಯಾರೊಬ್ಬರಿಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಕಾಯಿ ಬಲಿತಿದೆಯೇ ಎಂದು ಅಜ್ಜಿ ಅಟ್ಟದಲ್ಲಿ ಕೂತು ಒಂದೊಂದನ್ನೇ ಆಡಿಸಿದಾಗ ಮರಿಗಳೆಲ್ಲ ಓಡಿಬಂದು ಅವಳ ಪಾದದ ಮೇಲೆ ನಿಂತು ಕತ್ತೆತ್ತಿ ನೋಡಿದವು.

"ನನ್ ಕೈಲಿ ಏನೈತೆ ಅಂತ ಬತ್ತೀರೇ, ಮುಂಡೇವಾ," ಎಂದಳು. ಎಲ್ಲರೂ ನಕ್ಕೆವು. ಎಚ್ಚರವಾಗಬೇಕಾದದ್ದು ಆವಾಗ.

ಅಭ್ಯಾಸ ಶುರುವಾಯಿತು. ಮೊದಲು ತೋಟದ ಕೊನೆಯಿಂದ, ಆಮೇಲೆ ಕೆರೆ ಏರಿಯಿಂದ, ಆಮೇಲೆ ಅಪ್ಪ ಮತ್ತು ನಾನು ಬುಟ್ಟಿ ಹಿಡಿದು ಬಸ್ಸಿನಲ್ಲಿ ಕಿಬ್ಬನಹಳ್ಳಿ ಕ್ರಾಸಿಗೆ. ಕಂಡಕ್ಟರು ಬುಟ್ಟಿಯ ಸಂದಿಯಲ್ಲಿ ಇಣುಕಿದ.

"ಹಾರ್ಕೊಂಡ್ ಹೋಗೋವುಕ್ಕೆ ಬಸ್ ಯಾಕ್ಲಾ ಬೇಕು?"

"ಬರೋವಾಗ ಹಾರ್ಕೊಂಡೇ ಬತ್ತಾವೆ," ಎಂದೆ.

"ಹಂಗಾರೆ ನಿಮ್ಮಪ್ಪಂಗೂ ರೆಕ್ಕೆ ಕಟ್ಟು, ಒಂದು ಟಿಕೆಟ್ ಉಳೀತದೆ."

ಕ್ರಾಸಿನ ಹೋಟೆಲಿನ ಹಿಂದಿನ ಬಯಲಲ್ಲಿ ಬುಟ್ಟಿ ತೆರೆದರೆ ಹಕ್ಕಿಗಳು ಒಮ್ಮೆಲೇ ಮೇಲೆದ್ದು, ಎರಡು ಸುತ್ತು ಹಾಕಿ, ಯಾರೋ ದಾರ ಎಳೆದ ಹಾಗೆ ಊರಿನ ಕಡೆ ಜಾರಿಹೋಗುತ್ತಿದ್ದವು. ನಾವು ಬಸ್ಸು ಕಾದು ಮನೆ ಸೇರುವಷ್ಟರಲ್ಲಿ ಅವು ಕಾಳು ತಿಂದು ಒಂದು ಕಾಲ ಮೇಲೆ ನಿಂತು ತೂಕಡಿಸುತ್ತಿದ್ದವು.

ಆ ಹೊತ್ತಿಗೆ ತುರುವೇಕೆರೆ ಕಡೆಯಿಂದ ಎರಡು ಸಲ ಹೇಳಿಕಳಿಸಿದ್ದರು. ಅಟ್ಟಕ್ಕೆ ಹೊಸ ಕಾಯಿ ಏರಿಸುವ ಕಾಲವೂ ಬಂದಿತ್ತು. ಒಂದು ಸಂಜೆ ಅಜ್ಜಿ ಎಲ್ಲರ ಮುಂದೆಯೇ ಮಾತೆತ್ತಿದಳು.

"ಎಲ್ಲಾ ಕೆಲ್ಸಾನೂ ಮುಗೀತು. ಈಗ ಈ ಹಕ್ಕಿ ನೆಪ ಸಿಕ್ಕೈತೆ ಇವಳಿಗೆ. ಮರಿ ಮಾಡ್ತದೆ, ಮರಿ ರೆಕ್ಕೆ ಬಲೀಬೇಕು, ಆಮೇಲೆ ಅದು ಇನ್ನೊಂದು ಮರಿ ಮಾಡ್ತದೆ. ಇದು ಮುಗಿಯೋ ಸಂಗ್ತಿ ಏನೇ?"

ಗೌರತ್ತೆ ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಸಾಬರ ಪಂದ್ಯಕ್ಕೆ ಈಬೂತೀನ ಬೀರೂರಿಗೆ ಕಳಿಸ್ತೀವಿ. ಅದು ಬಂದ್ರೆ ಗೂಡು ಇರ್ಲಿ, ನಾನೂ ಇರ್ತೀನಿ. ಬರ್ದಿದ್ರೆ ಗೂಡು ಕಿತ್ತಾಕಿ ನಿನ್ ಕಾಯಿ ತುಂಬ್ಕೋ. ಮಾರನೇ ದಿನ ಬಸ್ ಹತ್ತೀನಿ."

ಅಪ್ಪ ಏನೋ ಹೇಳಲು ಬಾಯಿ ತೆರೆದ. ಅಜ್ಜಿ ಕೈ ಅಡ್ಡ ಹಿಡಿದಳು.

"ಅವಳೇ ಹೇಳವ್ಳೆ. ನೀ ಸುಮ್ಕಿರು."

ಒಂದು ಹೆಣ್ಣಿನ ಬದುಕನ್ನು ಹೀಗೆ ಒಂದು ಹಕ್ಕಿಯ ರೆಕ್ಕೆಗೆ ಕಟ್ಟಿಬಿಡುವುದುಂಟೇ ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಅದು ಸರಿಯಾದ ಮಾತಾಗಿ ಕಂಡಿತ್ತು. ವಿಭೂತಿ ಬರುವುದರಲ್ಲಿ ಗೌರತ್ತೆಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆ ಮನೆಯಲ್ಲಿ ಅನುಮಾನವಿದ್ದದ್ದು ನನಗೊಬ್ಬನಿಗೆ.

ಪಂದ್ಯದ ಹಕ್ಕಿಗಳು ಹಿಂದಿನ ಸಂಜೆಯ ರೈಲಿಗೆ ಬುಟ್ಟಿಯಲ್ಲಿ ಹೋದವು. ಒಂದೊಂದರ ಕಾಲಿಗೂ ಗುರುತಿನ ರಬ್ಬರು. ಹಕ್ಕಿ ಮನೆಗೆ ಬಂದೊಡನೆ ಅದನ್ನು ಬಿಚ್ಚಿ ಸಾಬರ ಅಂಗಡಿಗೆ ಮುಟ್ಟಿಸಬೇಕು. ಬೀರೂರು ಸ್ಟೇಷನ್ನಿನಲ್ಲಿ ಬೆಳಿಗ್ಗೆ ಬಿಡುವುದೆಂದು ಮಾತು. ಅಂದು ಸೋಮವಾರ. ಅಜ್ಜಿ ಪೂಜೆ ಮುಗಿಸಿ ಹಿತ್ತಿಲ ಕಲ್ಲಿನ ಮೇಲೆ ಕೂತಿದ್ದಳು. ಗೌರತ್ತೆ ಸೀರೆ ಎತ್ತಿಕಟ್ಟಿ ಏಣಿಯ ಮೇಲಿನ ಮೆಟ್ಟಿಲಲ್ಲಿ, ಕೈಯಲ್ಲಿ ಗಿಟಕು. ನಾನು ಹೆಂಚಿನ ಮೇಲೆ. ತೋಟದ ಮೇಲೆ ತೆಳುವಾದ ಮಂಜಿನಂಥದ್ದು ಇತ್ತು. ಹೊಗೆಯೋ ಮಂಜೋ. ಗರಿಗಳ ತುದಿಗಳು ಮಾತ್ರ ಅದರಿಂದ ಹೊರಗೆ ತೇಲುತ್ತಿದ್ದವು. ಹಾಗೆ ನೋಡುತ್ತಾ ಕೂತಾಗ ಕಣ್ಣಿಗೆ ಕಾಣುವ ಪ್ರತಿ ಚುಕ್ಕೆಯೂ ಹಕ್ಕಿಯೇ ಆಗುತ್ತದೆ. ಆಮೇಲೆ ಕಾಗೆಯಾಗುತ್ತದೆ, ಆಮೇಲೆ ಏನೂ ಆಗಿರುವುದಿಲ್ಲ.

ಅದೇ ದಿನ ಆಚೆಮನೆಯ ರುದ್ರಣ್ಣ ತನ್ನ ಅಟ್ಟದ ಕಾಯಿ ಇಳಿಸಿದ್ದ. ರುದ್ರಣ್ಣ ನಮ್ಮ ದಾಯಾದಿ, ಅಜ್ಜನ ತಮ್ಮನ ಮಗ. ತೋಟ ಭಾಗವಾದಾಗ ಎದ್ದ ಜಗಳದಲ್ಲಿ ನಡುವೆ ಒಂದು ಗೋಡೆಯೂ ಎದ್ದಿತ್ತು. ಅಂದಿನಿಂದ ಅಜ್ಜಿ ಆ ಗೋಡೆಯ ಕಡೆ ಮುಖ ಮಾಡಿ ಕೆಮ್ಮಿದ್ದೂ ಇಲ್ಲ. ಆ ಬೆಳಿಗ್ಗೆ ಅವನ ಕಣದಲ್ಲಿ ರಾಶಿ ಕಾಯಿ, ರಾಶಿಯ ಸುತ್ತ ಅವನ ಮನೆಯವರು, ಆಳುಗಳು. ಸುಲಿದ ಕಾಯಿಯನ್ನು ಒಬ್ಬೊಬ್ಬರೂ ಕಿವಿಗೆ ಹಿಡಿದು ಆಡಿಸುವುದು, ಸದ್ದು ಬಂದದ್ದು ಒಂದು ಕಡೆ, ಬಾರದ್ದು ಇನ್ನೊಂದು ಕಡೆ. ಮಳೆ ಹನಿ ಹೆಂಚಿಗೆ ಬಿದ್ದ ಹಾಗೆ ಗಿಟಕ್ ಗಿಟಕ್ ಗಿಟಕ್. ಹುಟ್ಟಿದಾಗಿನಿಂದ ಕೇಳಿದ ಸದ್ದು. ನಾವು ಅದನ್ನು ಕೇಳಿಸಿಕೊಳ್ಳಲೇ ಇಲ್ಲ.

ವಿಭೂತಿ ಪಡುವಣದಿಂದ ಬಂತು. ಒಂಟಿಯಾಗಿ, ತಗ್ಗಿನಲ್ಲಿ, ಗರಿಗಳ ಮೇಲೆ ತೇಲುತ್ತಾ. ಹುಣಸೇಮರದ ಮೇಲೆ ಓರೆಯಾದಾಗ ರೆಕ್ಕೆಯ ಒಳಮೈ ಬೆಳ್ಳಗೆ ಹೊಳೆಯಿತು. ಗೌರತ್ತೆ ಗಿಟಕು ಆಡಿಸಿದಳು. ನಮ್ಮ ಹೆಂಚಿಗೆ ನೇರ ಇಳಿಯುತ್ತಿದ್ದ ಹಕ್ಕಿ ನಡುಗಾಳಿಯಲ್ಲಿ ತಡೆದು ನಿಂತಿತು. ಒಂದು ಸುತ್ತು ಹಾಕಿತು. ನೆಟ್ಟಗೆ ಗೋಡೆಯಾಚೆ ಹೋಗಿ ರುದ್ರಣ್ಣನ ಕಾಯಿ ರಾಶಿಯ ತುದಿಯಲ್ಲಿ ಕೂತಿತು.

ಅಲ್ಲಿಂದ ಇಳಿದು ಕಾಯಿ ಆಡಿಸುತ್ತಿದ್ದವಳೊಬ್ಬಳ ಮುಂದೆ ನಿಂತು ಅವಳ ಕೈಯನ್ನೇ ನೋಡಿತು. ಕಾಳು ಬೀಳಲಿಲ್ಲ. ಪಕ್ಕದವನ ಹತ್ತಿರ ನಡೆಯಿತು. ಅಲ್ಲಿಯೂ ಬೀಳಲಿಲ್ಲ. ಕಣವೆಲ್ಲ ನಗತೊಡಗಿತು. ನಕ್ಕಷ್ಟೂ ಇನ್ನಷ್ಟು ಜೋರಾಗಿ ಆಡಿಸಿ ಅದನ್ನು ತಮ್ಮ ಕಡೆ ಕರೆಯತೊಡಗಿದರು. ಇತ್ತ ಗೌರತ್ತೆ ಆಡಿಸುತ್ತಲೇ ಇದ್ದಳು. ಆ ಸದ್ದುಗಳ ನಡುವೆ ಅವಳದು ಯಾವುದೆಂದು ಪಕ್ಕದಲ್ಲಿದ್ದ ನನಗೇ ಗೊತ್ತಾಗುತ್ತಿರಲಿಲ್ಲ. ಕೂಗಿ ಕರೆಯಲು ಅವಳಿಗೆ ಬಾಯಿಲ್ಲ; ಆ ಮನೆಯವರೊಡನೆ ಮಾತಿಲ್ಲ.

ಕೆಳಗೆ ಹಿತ್ತಿಲಲ್ಲಿ ಅಜ್ಜಿ ಎದ್ದು ನಿಂತಳು. ಗೋಡೆಯ ಹತ್ತಿರ ಹೋಗಿ, ಒಗೆಯುವ ಕಲ್ಲಿನ ಮೇಲೆ ಹತ್ತಿ, ಗೋಡೆಯ ಮೇಲೆ ತಲೆ ಹಾಕಿದಳು.

"ಲೇ ರುದ್ರಾ! ಕಾಯಿ ಆಡ್ಸೋದ ನಿಲ್ಸಲಾ! ನಮ್ಮನೆ ಹಕ್ಕಿ ಬಂದೈತೆ!"

ಅಷ್ಟು ವರ್ಷದ ಮೇಲೆ ಆ ಗೋಡೆಯ ಮೇಲೆ ಆ ಮುಖ ಕಂಡ ಗಾಬರಿಗೋ ಏನೋ, ಎಲ್ಲ ಕೈಗಳೂ ಇದ್ದಲ್ಲೇ ನಿಂತವು, ಕಾಯಿ ಕಿವಿಗೆ ಹಿಡಿದ ಹಾಗೇ. ಗರಿಗಳ ಸರಸರ ಕೇಳಿಸಿತು. ದೂರದಲ್ಲಿ ಎಲ್ಲೋ ಪಂಪು ಓಡುತ್ತಿತ್ತು. ಗೌರತ್ತೆ ಒಮ್ಮೆ ಆಡಿಸಿದಳು. ಗಿಟಕ್. ವಿಭೂತಿ ತಲೆ ಓರೆ ಮಾಡಿತು. ಇನ್ನೊಮ್ಮೆ. ಅದು ಎದ್ದು, ಅಜ್ಜಿಯ ತಲೆಯ ಮೇಲಿಂದಲೇ ಹಾದು, ಹೆಂಚಿನ ಮೇಲೆ ನಾಲ್ಕು ಹೆಜ್ಜೆ ನಡೆದು, ಛತ್ರಿ ಕಡ್ಡಿಗಳನ್ನು ಟಿಣ್ಣೆನ್ನಿಸಿ ಒಳಗೆ ಹೋಯಿತು.

ಆಚೆಯಿಂದ ರುದ್ರಣ್ಣನ ದನಿ ಬಂತು. "ದೊಡ್ಡವ್ವಾ, ಇನ್ನ ನಾವು ಆಡಿಸ್ಬೋದಾ?"

"ಆಡ್ಸು. ನಿನ್ ಕಾಯಿ, ನೀನು," ಎಂದು ಅಜ್ಜಿ ಕಲ್ಲಿನಿಂದ ಇಳಿದಳು.

ಅಪ್ಪ ರಬ್ಬರು ಹಿಡಿದು ತಿಪಟೂರಿಗೆ ಸೈಕಲ್ ತುಳಿಯುವಷ್ಟರಲ್ಲಿ ಬೇರೆಯವರ ಹಕ್ಕಿಗಳೆಲ್ಲ ಬಂದು ಆಗಿತ್ತು. ನಿಮ್ಮೂರ ಪಾರಿವಾಳನೂ ಕೊಬ್ಬರಿ ವ್ಯಾಪಾರಕ್ಕೆ ಇಳೀತಾ ಎಂದು ಸಾಬರು ನಕ್ಕರಂತೆ. ಗೂಡಿಗೆ ಮರುದಿನವೇ ಒಂದು ತಗಡಿನ ಡಬ್ಬಿ ಬಂತು. ಗೌರತ್ತೆ ಹಕ್ಕಿಗಳಿಗೆ ಮತ್ತೆ ಮೊದಲಿನಿಂದ ಕಲಿಸಿದಳು. ಗಿಟಕನ್ನು ಜಂತಿಯ ಸಂದಿಯಲ್ಲಿ ಇಟ್ಟಳು.

ಇದು ನನ್ನ ಕತೆ. ಅಕ್ಕ ಒಪ್ಪುವುದಿಲ್ಲ. ಅಜ್ಜಿ ಆಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಗೋಡೆ ಹತ್ತುವ ಮಂಡಿ ಅವಳಿಗೆಲ್ಲಿತ್ತು ಎನ್ನುತ್ತಾಳೆ. ಅವಳ ಪ್ರಕಾರ ಗೌರತ್ತೆಯೇ ಏಣಿ ಇಳಿದು, ಬೀದಿ ಸುತ್ತಿ, ರುದ್ರಣ್ಣನ ಕಣಕ್ಕೆ ಹೋಗಿ ಹಕ್ಕಿಯನ್ನು ಹಿಡಿದು ಸೆರಗಿನಡಿ ಇಟ್ಟುಕೊಂಡು ಬಂದಳು. ಅಜ್ಜಿ ಕೇಳಿದಾಗ "ಬಂತು" ಎಂದಷ್ಟೇ ಹೇಳಿದಳು. ಅಜ್ಜಿ ಮತ್ತೇನೂ ಕೇಳಲಿಲ್ಲ. ನಾನು ಕಲಿತ ವಿದ್ಯೆಯ ಪ್ರಕಾರ ಅಕ್ಕನ ಮಾತೇ ಹೆಚ್ಚು ನಂಬುವಂಥದ್ದು. ಅಷ್ಟು ಜನರ ಮೌನದಲ್ಲಿ ಒಂದೇ ಕಾಯಿಯ ಸದ್ದು ನನಗೆ ಬೇಕಾದಷ್ಟು ಚೆನ್ನಾಗಿ ಕೇಳುತ್ತದೆ. ಬೇಕಾದಷ್ಟು ಚೆನ್ನಾಗಿ ಕೇಳುವುದನ್ನೇ ನಂಬಬಾರದು. ಆದರೂ ಈಗಲೂ ಕೆಲವು ಮಧ್ಯಾಹ್ನ, ಯಾವುದೋ ಊರಿನ ಯಾವುದೋ ಕೋಣೆಯಲ್ಲಿ ಕಣ್ಣು ಮುಚ್ಚಿದರೆ, ಆ ಕೈಗಳೆಲ್ಲ ಕಿವಿಯ ಹತ್ತಿರ ನಿಂತೇ ಇರುತ್ತವೆ.

ಇನ್ನು ಮುಂದಿನದನ್ನು ಮಾತ್ರ ಅಕ್ಕನೂ ಒಪ್ಪುತ್ತಾಳೆ, ಯಾಕೆಂದರೆ ಆ ದಿನ ಮಜ್ಜಿಗೆ ತಂದುಕೊಟ್ಟವಳು ಅವಳೇ. ಸ್ವಲ್ಪ ದಿನಗಳಾದ ಮೇಲೆ ಗೌರತ್ತೆಯ ಗಂಡನ ಅಣ್ಣ ಬಂದರು. ಕಾಲು ತೊಳೆದು ಜಗಲಿಯ ಮೇಲೆ ಕೂತು, ಟವೆಲಿನಲ್ಲಿ ಮುಖ ಒರೆಸಿಕೊಂಡರು. ಮಳೆ, ಕಾಯಿ, ದನಗಳ ಮಾತಾಯಿತು.

"ಹುಡುಗೀನ ಯಾವಾಗ ಕಳಿಸ್ತೀರಾ ಅಂತ ಕೇಳ್ಕೊಂಡು ಹೋಗಾನ ಅಂತ ಬಂದೆ ಕಣಮ್ಮ."

ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಳು. ಸವರಿ, ಮಡಿಸಿ, ಬಾಯಿಗಿಟ್ಟುಕೊಂಡಳು.

"ಈಗ ಆಗಾಕಿಲ್ಲ ಕಣಪ್ಪ. ಅಟ್ಟದಾಗೆ ಮರಿ ಅವೆ. ಅವಳು ಕರೆದ್ರೇನೇ ಅವು ಬರೋದು."

ಆತ ಮೇಲೆ ನೋಡಿದರು. ಅದೇ ಹೊತ್ತಿಗೆ ಅಟ್ಟದಿಂದ ಸದ್ದು ಬಂತು. ಗಿಟಕ್, ಗಿಟಕ್. ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಅವರು ಬೀದಿಯ ತಿರುವು ದಾಟುವವರೆಗೂ ಮೇಲೆ ಗಿಟಕು ಆಡುತ್ತಲೇ ಇತ್ತು.

ಸ್ವಲ್ಪ ಮುಂಚೆಯಷ್ಟೇ ನಾನು ಮೇಲೆ ಗೌರತ್ತೆಯ ಹತ್ತಿರ ಹೋಗಿ ಬಂದಿದ್ದೆ. ಹಕ್ಕಿಗಳೆಲ್ಲ ಡಬ್ಬಿಯ ಸದ್ದಿಗೆ ಬಂದು, ಕಾಳು ತಿಂದು ಒಳಗೇ ಇದ್ದವು. ಕರೆಯಬೇಕಾದ್ದು ಒಂದೂ ಹೊರಗಿರಲಿಲ್ಲ.